ದೊಡ್ಡ ಚೈನ್‌ಸಾಗೆ ಸರಿಯಾದ ಚೈನ್ ಅಳತೆ ಯಾವುದು?

ತೊಂಬತ್ತು ಸಿಸಿಯ ಚೈನ್‌ಸಾಗೆ 3/8 ಇಂಚಿನ ಚೈನ್ ಸಾಕೇ ಅಥವಾ .404 ಇಂಚಿನದೇ ಬೇಕೇ ಎಂಬುದು ನಿಮ್ಮ ಪ್ರಶ್ನೆ. ಬಹುತೇಕ ಕೆಲಸಗಳಿಗೆ 3/8 ಸಾಕು ಎಂಬುದೇ ನನ್ನ ದೃಢವಾದ ಅಭಿಪ್ರಾಯ.

ಈ ಸಂಖ್ಯೆ ಚೈನಿನ ಪಿಚ್ಚನ್ನು ಸೂಚಿಸುತ್ತದೆ. ಅಂದರೆ ಒಂದರ ಪಕ್ಕದಲ್ಲೊಂದಿರುವ ಮೂರು ರಿವೆಟ್‌ಗಳ ನಡುವಿನ ಒಟ್ಟು ಅಂತರದ ಅರ್ಧ. .404 ಚೈನಿನ ಹಲ್ಲುಗಳು ದೊಡ್ಡವು ಮತ್ತು ಗಟ್ಟಿಮುಟ್ಟಾದವು, ಆದರೆ ಅವು ಮರದಲ್ಲಿ ಅಗಲವಾದ ಸೀಳನ್ನು ಕೊರೆಯುವುದರಿಂದ ಎಂಜಿನ್ನಿನಿಂದ ಹೆಚ್ಚು ಶಕ್ತಿಯನ್ನು ಬೇಡುತ್ತವೆ. ಆದ್ದರಿಂದಲೇ ಸ್ಟಿಲ್ ಕಂಪನಿಯ ಎಂಎಸ್ 881ರಂತಹ ಸುಮಾರು 120 ಸಿಸಿಯ ಯಂತ್ರಗಳಲ್ಲಿ, ಉದ್ದನೆಯ ಬಾರ್‌ನೊಂದಿಗೆ (ಚೈನ್ ಸುತ್ತಿ ಓಡುವ ಲೋಹದ ಪಟ್ಟಿ) ದಪ್ಪ ದಿಮ್ಮಿಗಳನ್ನು ಕೊಯ್ಯುವಾಗ .404 ಚೈನ್ ಸಾರ್ಥಕ. 70ರಿಂದ 90 ಸಿಸಿಯ ಯಂತ್ರದಲ್ಲಿ 3/8 ಚೈನೇ ಸಾಮಾನ್ಯವಾಗಿ ಚುರುಕಾಗಿ ಕೊಯ್ಯುತ್ತದೆ. ದಿಮ್ಮಿಯಿಂದ ಹಲಗೆ ಸೀಳುವವರಿಗೂ ಕಿರಿದಾದ ಸೀಳಿನಿಂದ ಮರ ಉಳಿಯುತ್ತದೆ.

ಪಿಚ್ ಬದಲಿಸುವುದೆಂದರೆ ಚೈನನ್ನು ಮಾತ್ರ ಬದಲಿಸಿದಂತಲ್ಲ. ಯಂತ್ರದ ಸ್ಪ್ರಾಕೆಟ್ (ಚೈನನ್ನು ಓಡಿಸುವ ಹಲ್ಲುಚಕ್ರ) ಹಾಗೂ ಬಾರ್‌ನ ತುದಿಯಲ್ಲಿರುವ ಸ್ಪ್ರಾಕೆಟ್ ಎರಡೂ ಅದೇ ಪಿಚ್ಚಿನವಾಗಿರಬೇಕು. ಇಲ್ಲವಾದರೆ ಚೈನ್ ಜಾರಿ, ಕೆಲಸ ಮಾಡುವವರ ಜೀವಕ್ಕೇ ಅಪಾಯವಾಗಬಹುದು.

ಇನ್ನು ಗೇಜ್ ಎಂದರೆ ಬಾರ್‌ನ ಕಾಲುವೆಯೊಳಗೆ ಓಡುವ ಕೊಂಡಿಗಳ ದಪ್ಪ. ದೊಡ್ಡ ಯಂತ್ರಗಳಲ್ಲಿ .050, .058 ಮತ್ತು .063 ಇಂಚು, ಅಂದರೆ ಸುಮಾರು 1.3, 1.5 ಮತ್ತು 1.6 ಮಿಲಿಮೀಟರ್, ಬಳಕೆಯಲ್ಲಿವೆ. ದಪ್ಪ ಹೆಚ್ಚಾದರೆ ಚೈನ್ ಕಾಲುವೆಗೆ ಇಳಿಯುವುದೇ ಇಲ್ಲ, ಕಡಿಮೆಯಾದರೆ ವಾಲಿಕೊಂಡು ಓಡಿ ಓರೆಯಾಗಿ ಕೊಯ್ಯುತ್ತದೆ. ಬಾರ್‌ನ ಉದ್ದ ಒಂದೇ ಆಗಿದ್ದರೂ ಕೊಂಡಿಗಳ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ, ಹಳೆಯ ಚೈನಿನ ಕೊಂಡಿಗಳನ್ನು ಎಣಿಸಿ, ಬಾರ್‌ನ ಹಿಂತುದಿಯಲ್ಲಿ ಅಚ್ಚೊತ್ತಿರುವ ಅಂಕಿಗಳೊಂದಿಗೆ ತಾಳೆ ನೋಡಿದ ಬಳಿಕವೇ ಹೊಸದನ್ನು ಕೊಳ್ಳಿರಿ.