ಹಸಿರು ಗೆರೆಗುಂಟ ಸೀಳಿದ ಪುಟ

ಪ್ರಶ್ನೆ: ಹೈದರಾಬಾದಿನ ಮ್ಯೂಸಿಯಂ ಒಂದರಲ್ಲಿ ಬಂಗಾರದ ಚಿತ್ತಾರವಿದ್ದ ಪಾರಸಿ ಕಾವ್ಯದ ಹಸ್ತಪ್ರತಿ ನೋಡಿದೆ. ಪದ್ಯದ ಸುತ್ತ ಎಳೆದ ಹಸಿರು ಗೆರೆಗುಂಟ ಕಾಗದ ಸೀಳಿತ್ತು. ನಮ್ಮೂರಿನ ಪರಿಚಯದವರ ಮನೆಯಲ್ಲೂ ಅಂಥದೇ ಹಳೆಯ ಪುಸ್ತಕವಿದೆ, ಅದೂ ಹಾಗೇ ಸೀಳುತ್ತಿದೆ. ಹುಳು ಹಿಡಿದಿದೆಯೇ? ಟೇಪು ಹಚ್ಚಬಹುದೇ?
– ಓದುಗರೊಬ್ಬರು, ಅಕ್ಕಲಕೋಟ

ಉತ್ತರ: ಟೇಪು ಮಾತ್ರ ಬೇಡ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಹುಳು ತಿಂದರೆ ತೂತು ಬೀಳುತ್ತದೆ, ಅಂಕುಡೊಂಕು ದಾರಿ ಕಾಣುತ್ತದೆ. ನೀವು ನೋಡಿದ್ದು ಬ್ಲೇಡಿನಿಂದ ಕೊಯ್ದ ಹಾಗೆ ನೆಟ್ಟಗಿರುವ ಸೀಳು. ಅದು ಬಣ್ಣದ್ದೇ ಕೆಲಸ. ಆ ಹಸಿರು ಅಂದರೆ ತಾಮ್ರದ ಕಿಲುಬು. ತೇವ ಸಿಕ್ಕಾಗಲೆಲ್ಲ ಅದರೊಳಗಿನ ತಾಮ್ರ ಕಾಗದದ ನಾರನ್ನು ಸುಡುತ್ತ ಹೋಗುತ್ತದೆ. ಮೊದಲು ಪುಟದ ಬೆನ್ನಿಗೆ ಕಂದು ಗೆರೆ ಮೂಡುತ್ತದೆ, ಆಮೇಲೆ ಬಿರುಕು, ಕೊನೆಗೆ ಪದ್ಯವಿರುವ ಭಾಗವೇ ಚೌಕಟ್ಟಿನಿಂದ ಕಳಚಿ ಕೈಗೆ ಬರುತ್ತದೆ. ಪಕ್ಕದಲ್ಲೇ ಇರುವ ಬಂಗಾರದ ಗೆರೆಗೆ ಏನೂ ಆಗಿರುವುದಿಲ್ಲ. ದೀಪದ ಮಸಿಗೆ ಜಾಲಿ ಅಂಟು ಕಲಸಿ ಮಾಡಿದ ಶಾಯಿಯೂ ಕಪ್ಪಗೆ ಹೊಳೆಯುತ್ತಿರುತ್ತದೆ. ಇರಾನಿನ ಚಿತ್ರಕಾರರಿಗೆ ಈ ಕಾಟ ಗೊತ್ತಿತ್ತು. ಅವರು ಕಿಲುಬಿಗೆ ಕೇಸರಿ ಬೆರೆಸುತ್ತಿದ್ದರು. ಕೇಸರಿ ಬಿದ್ದ ಹಸಿರು ಕಾಗದವನ್ನು ಅಷ್ಟಾಗಿ ಸುಡದು ಎಂದು ಈಗಿನ ಪ್ರಯೋಗಗಳೂ ತೋರಿಸಿವೆ. ಕಾಗದ ದುರಸ್ತಿಯಲ್ಲೇ ತಲೆ ನರೆಸಿಕೊಂಡವನು ನಾನು, ಅವರ ಜಾಣ್ಮೆಗೆ ಕೈಮುಗಿಯುತ್ತೇನೆ.

ಕಳಚಿದ ಪದ್ಯಭಾಗವನ್ನು ಹಿಂದಿನವರು ಹೊಸ ಕಾಗದದ ಅಂಚಿಗೆ ಕೂರಿಸುತ್ತಿದ್ದರು. ಹಳೆಯ ಅಂಚು ಹೋಯಿತು ಅಂತಲೇ ಲೆಕ್ಕ. ನನಗೆ ಸಂಕಟವಾಗುವುದು ಅಲ್ಲಿ. 14ನೇ ಶತಮಾನದ ಕವಿ ಹಾಫಿಜನ ದಿವಾನದ, ಅಂದರೆ ಕವನ ಸಂಕಲನದ, ಒಂದು ಪ್ರತಿ ಪಟ್ನಾದ ಖುದಾ ಬಕ್ಷ್ ಗ್ರಂಥಾಲಯದಲ್ಲಿದೆ. ಶಕುನ ಕೇಳಲು ಅದನ್ನು ತೆರೆದಾಗ ಬಂದ ಪದ್ಯಗಳ ಬಗ್ಗೆ ಹುಮಾಯೂನ್, ಜಹಾಂಗೀರ್ ತಮ್ಮ ಕೈಯಾರೆ ಅಂಚಿನಲ್ಲಿ ಬರೆದಿದ್ದಾರೆ. ಅಂಚು ಹೋಗಿದ್ದರೆ ಆ ಬರಹವೂ ಇರುತ್ತಿರಲಿಲ್ಲ. ನಿಮ್ಮ ಪರಿಚಯದವರ ಪುಸ್ತಕದ ಅಂಚಿನಲ್ಲಿ ಅವರ ಅಜ್ಜ, ಮುತ್ತಜ್ಜ ಏನು ಬರೆದಿಟ್ಟಿದ್ದಾರೋ! ಉದುರಿದ ಚೂರನ್ನೂ ಎಸೆಯದೆ, ಯಾವ ಪುಟದ್ದೆಂದು ಬರೆದ ಲಕೋಟೆಯಲ್ಲಿಡಲು ಹೇಳಿ.

ಟೇಪಿನ ಅಂಟು ಹಳದಿಯಾಗಿ ನಾರಿನೊಳಕ್ಕೆ ಇಳಿಯುತ್ತದೆ, ತೆಗೆಯಹೋದರೆ ಅಕ್ಷರವೂ ಕಿತ್ತು ಬರುತ್ತದೆ. ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು. ಮೈದಾ ಅಂಟು, ಒದ್ದೆ ಬಟ್ಟೆ ಯಾವುದೂ ಬೇಡ. ನೀರು ತಾಗಿದರೆ ತಾಮ್ರ ಅಕ್ಕಪಕ್ಕಕ್ಕೂ ಹರಡುತ್ತದೆ. ಗಂಜಿ ಹೋಗುವಂತೆ ಒಗೆದು ಒಣಗಿಸಿದ ಕೋರಾ ಬಟ್ಟೆಯಲ್ಲಿ ಸುತ್ತಿ, ಪುಸ್ತಕವನ್ನು ಮಲಗಿಸಿಡಿ. ನಮ್ಮ ಸೊಲ್ಲಾಪುರ ಸೀಮೆಯ ಒಣ ಹವೆ ಅದಕ್ಕೆ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ತಂಪು ಹಿಡಿಯುವ ಗೋಡೆಯ ಗೂಡಿನಲ್ಲಿ ಇಡಬಾರದು. ಸೀಳಿದ ಪುಟ ತಿರುವುವಾಗ ಕೆಳಗೊಂದು ದಪ್ಪ ಹಾಳೆ ಕೊಡಿ. ಅದಕ್ಕೂ ಮೊದಲು ಒಂದೊಂದು ಪುಟದ್ದೂ ಫೋಟೋ ತೆಗೆದಿಡಿ, ಫ್ಲ್ಯಾಶ್ ಹಾಕದೆ, ನಾಲ್ಕೂ ಅಂಚು ಪೂರ್ತಿ ಬರುವಂತೆ.