ಎಲ್ಲಾ ಗಿರಾಕಿಗಳದ್ದೂ ಒಂದೇ ಫೋನ್ ನಂಬರ್!

ಪ್ರಶ್ನೆ: ಸರ್, ನಮ್ದು ಹಾರ್ಡ್‌ವೇರ್ ಅಂಗಡಿ. ಹೊಸದಾಗಿ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದೀವಿ. ಯಾವ ಗಿರಾಕಿ ಮೊಬೈಲ್ ನಂಬರ್ ಟೈಪ್ ಮಾಡಿದ್ರೂ ಸೇವ್ ಆದ್ಮೇಲೆ 2147483647 ಅಂತ ತೋರ್ಸುತ್ತೆ. ಮಾಡ್ಕೊಟ್ಟ ಹುಡುಗ ವೈರಸ್ ಅಂತಾನೆ. ನನ್ ಮಗಳು ಇದು ಅವಿಭಾಜ್ಯ ಸಂಖ್ಯೆ ಅಂತಾಳೆ. ಯಾರದ್ದು ಸರ್ ಈ ನಂಬರು?
– ಓದುಗರೊಬ್ಬರು, ತಿಪಟೂರು

ಉತ್ತರ: ಯಾರದ್ದೂ ಅಲ್ಲ ಸ್ವಾಮಿ, ವೈರಸ್ಸೂ ಅಲ್ಲ. ನಿಮ್ಮ ಹುಡುಗ ಫೋನ್ ನಂಬರಿನ ಕಾಲಂನ 32 ಬಿಟ್‌ನ ಪೂರ್ಣಾಂಕ ಅಂತ ಇಟ್ಟಿದಾನೆ, ಅಷ್ಟೇ. ಅದ್ರಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಹೇಳೋದಕ್ಕೆ ಹೋಗುತ್ತೆ, ಉಳಿಯೋದು 31. ಅವನ್ನ ಸ್ವಿಚ್ ಅಂದ್ಕೊಳ್ಳಿ, ಮೊದಲ್ನೇದರ ಬೆಲೆ 1, ಆಮೇಲೆ 2, 4, 8 ಹೀಗೆ ದುಪ್ಪಟ್ಟಾಗ್ತಾ ಹೋಗಿ 31ನೇದು 107 ಕೋಟಿ ದಾಟುತ್ತೆ, ಎಲ್ಲಾ ಆನ್ ಮಾಡಿ ಕೂಡಿದ್ರೆ ಸರಿಯಾಗಿ 214 ಕೋಟಿ 74 ಲಕ್ಷ 83 ಸಾವಿರದ 647. ಕೊಳಗ ತುಂಬಿತು. ನಮ್ಮ ದೇಶದ ಮೊಬೈಲ್ ನಂಬರ್ ಶುರುವಾಗೋದೇ 6, 7, 8, 9ರಿಂದ, ಅಂದ್ರೆ ಕಮ್ಮಿ ಅಂದ್ರೂ 600 ಕೋಟಿ. ತುಂಬಿದ ಕೊಳಗಕ್ಕೆ ಇನ್ನೆಷ್ಟು ಸುರಿದ್ರೂ ಅಳತೆ ಒಂದೇ ಕೊಳಗ ತಾನೇ, ಮಿಕ್ಕಿದ್ದು ನೆಲದ ಪಾಲು. ಲ್ಯಾಂಡ್‌ಲೈನಿನ ಆರಂಕಿ ಹಾಕಿ ನೋಡಿ, ಸರಿಯಾಗೇ ಸೇವ್ ಆಗುತ್ತೆ.

ಮಗಳು ಹೇಳಿದ್ದು ನಿಜ, ಜಾಣೆ. ಇದನ್ನ 1772ರಲ್ಲಿ ಸಾಬೀತು ಮಾಡಿದ್ದು ಸ್ವಿಟ್ಜರ್ಲೆಂಡ್ ಮೂಲದ ಗಣಿತಜ್ಞ ಆಯ್ಲರ್, ಆಗ ಆತನಿಗೆ ಕಣ್ಣು ಹೆಚ್ಚುಕಮ್ಮಿ ಹೋಗೇಬಿಟ್ಟಿತ್ತು! ಸುಮ್ನೆ ಭಾಗಿಸ್ತಾ ಕೂತ್ರೆ ಇದರ ವರ್ಗಮೂಲ 46,340ರ ತನಕ ಇರೋ ನಾಲ್ಕು ಸಾವಿರದ ಏಳ್ನೂರು ಚಿಲ್ಲರೆ ಅವಿಭಾಜ್ಯಗಳನ್ನೂ ಪರೀಕ್ಷೆ ಮಾಡ್ಬೇಕು. ಆದ್ರೆ ಈ ಸಂಖ್ಯೆ 31 ಎರಡುಗಳನ್ನ ಗುಣಿಸಿ ಒಂದು ಕಳೆದದ್ದು ನೋಡಿ, ಇದನ್ನ ಭಾಗಿಸೋ ಅವಿಭಾಜ್ಯ ಯಾವ್ದೇ ಇರ್ಲಿ, ಅದನ್ನ 31ರ ಎರಡರಷ್ಟು ಅಂದ್ರೆ 62ರಿಂದ ಭಾಗಿಸಿದ್ರೆ ಶೇಷ 1 ಬರಲೇಬೇಕು. ನಂಬಿಕೆ ಬರ್ಲಿಲ್ಲಾಂದ್ರೆ ಚಿಕ್ಕದ್ರಲ್ಲಿ ನೋಡಿ: 11 ಎರಡುಗಳನ್ನ ಗುಣಿಸಿ ಒಂದು ಕಳೀರಿ, 2047. ಅದು 23 ಗುಣಿಸು 89. ಎರಡನ್ನೂ 22ರಿಂದ ಭಾಗಿಸಿ, ಶೇಷ 1. ಮಗಳ ಕೈಲಿ ಮಾಡ್ಸಿ, ಖುಷಿಯಾಗ್ತಾಳೆ. ಇದರ ಮೇಲೆ 8ರಿಂದ ಭಾಗಿಸಿದಾಗ ಬರೋ ಶೇಷ ನೋಡೋ ಇನ್ನೊಂದು ಜರಡಿ ಹಿಡಿದ್ರೆ ಪರೀಕ್ಷೆ ಮಾಡ್ಬೇಕಾದ್ದು ಸುಮಾರು 370 ಸಂಖ್ಯೆ ಮಾತ್ರ. ಯಾವ್ದೂ ಭಾಗಿಸ್ಲಿಲ್ಲ. ಮುಂದೆ 1867ರ ತನಕ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ.

ಹಾಗಂತ ಕೊಳಗ ತುಂಬಿದಾಗೆಲ್ಲಾ ಅವಿಭಾಜ್ಯ ಸಿಗುತ್ತೆ ಅಂದ್ಕೋಬೇಡಿ. 64 ಬಿಟ್‌ನ ಮಿತಿ 9223372036854775807, ಅದು 7ರಿಂದ ಸಲೀಸಾಗಿ ಭಾಗವಾಗುತ್ತೆ.

ನಿಮ್ಮ ಹುಡುಗನಿಗೆ ಆ ಕಾಲಂನ ಟೆಕ್ಸ್ಟ್ ಮಾಡೋಕೆ ಹೇಳಿ, ಫೋನ್ ನಂಬರನ್ನ ಯಾರೂ ಕೂಡಿ ಕಳೆಯಲ್ಲವಲ್ಲ. ಇದುವರೆಗೆ ಹಾಕಿದ ನಂಬರ್‌ಗಳು ಮಾತ್ರ ವಾಪಸ್ ಬರಲ್ಲ, ಹಳೇ ಬಿಲ್ ಬುಕ್ ಇದ್ರೆ ಅದನ್ನ ನೋಡ್ಕೊಂಡು ಮತ್ತೆ ಟೈಪ್ ಮಾಡ್ಬೇಕು.