ನಡುರಾತ್ರಿಯ ಹಸಿವು ಬಾಯಿಚಪಲವಲ್ಲ

ಪ್ರಶ್ನೆ: ನನಗೆ 54 ವರ್ಷ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಒಬ್ಬಳೇ ಇದ್ದೇನೆ. ಐದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿರುವ ಮಾತ್ರೆಯನ್ನು ಬೆಳಿಗ್ಗೆ, ರಾತ್ರಿ ತೆಗೆದುಕೊಳ್ಳುತ್ತೇನೆ. ಕಳೆದ ವರ್ಷ ಯಜಮಾನರು ತೀರಿಕೊಂಡ ಮೇಲೆ ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸೇ ಬರುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಮಾತ್ರೆ ನುಂಗುತ್ತೇನೆ, ಮಧ್ಯಾಹ್ನ ಮುದ್ದೆ ಉಣ್ಣುತ್ತೇನೆ, ರಾತ್ರಿ ಮಾತ್ರೆಯ ಜೊತೆಗೆ ಒಂದು ಲೋಟ ಮಜ್ಜಿಗೆ ಅಷ್ಟೇ. ವಾರದಲ್ಲಿ ಮೂರು ನಾಲ್ಕು ದಿನ ನಡುರಾತ್ರಿ ಎಚ್ಚರವಾಗಿ, ಕೈ ನಡುಗಿ, ಬೆವರಿ, ತಡೆಯಲಾರದ ಹಸಿವಾಗುತ್ತದೆ. ಬೆಲ್ಲ, ತಂಗಳನ್ನ, ಕೈಗೆ ಸಿಕ್ಕಿದ್ದನ್ನು ತಿಂದು ಆಮೇಲೆ ಅಳುತ್ತೇನೆ. ಬೆಳಿಗ್ಗೆ ನೋಡಿದರೆ ಶುಗರ್ 190ರ ಮೇಲಿರುತ್ತದೆ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿದ ಕೂಡಲೇ ಅದನ್ನೇ ಕೇಳುತ್ತಾನೆ. ನಾನು ಸುಳ್ಳು ಹೇಳುತ್ತೇನೆ. ವೈದ್ಯರಿಗೂ ಇದನ್ನು ತಿಳಿಸಿಲ್ಲ. ಮೂರು ತಿಂಗಳ ಹಿಂದೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ 8.9 ಬಂದಾಗ ಅವರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಬಾಯಿ ಕಟ್ಟುವ ಶಕ್ತಿ ನನಗೇಕೆ ಇಲ್ಲ? ಇನ್ನು ಮುಂದೆ ಹಬ್ಬಕ್ಕೂ ಹೋಳಿಗೆ ಮುಟ್ಟಬಾರದೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕಳ್ಳತನವೆಂಬಂತೆ ಬರೆದಿರುವ ಸಂಗತಿಯೇ ವೈದ್ಯರಿಗೆ ಅತ್ಯಂತ ಮುಖ್ಯವಾದ ಸುಳಿವು. ಕೈ ನಡುಕ, ಬೆವರು, ನಿದ್ದೆಯಿಂದಲೇ ಎಬ್ಬಿಸುವ ಹಸಿವು, ಈ ಮೂರೂ ಒಟ್ಟಿಗೆ ಬಂದಾಗ ಅದನ್ನು ಬಾಯಿಚಪಲ ಎನ್ನುವ ಮೊದಲು ರಕ್ತದಲ್ಲಿ ಸಕ್ಕರೆ ಕುಸಿದಿದೆಯೇ ಎಂದು ನೋಡಲೇಬೇಕು. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ನೀವು ಉಂಡಿರಲಿ, ಬಿಟ್ಟಿರಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಊಟದೊಂದಿಗೆ ತೆಗೆದುಕೊಳ್ಳಬೇಕಾದ ಆ ಮಾತ್ರೆಯನ್ನು ಬರಿಯ ಮಜ್ಜಿಗೆಯ ಜೊತೆ ನುಂಗಿ ಮಲಗಿದರೆ, ರಾತ್ರಿ ಒಂದೋ ಎರಡೋ ಗಂಟೆಗೆ ದೇಹವು ಪ್ರಾಣ ಉಳಿಸಿಕೊಳ್ಳಲು ನಿಮ್ಮನ್ನು ಅಡುಗೆಮನೆಗೆ ಕಳುಹಿಸುವುದರಲ್ಲಿ ಆಶ್ಚರ್ಯವಿಲ್ಲ.

ಮುಂದಿನದನ್ನೂ ಗಮನಿಸಿ. ಆ ಹೊತ್ತಿನಲ್ಲಿ ತಿಂದ ಬೆಲ್ಲ ಮತ್ತು ಅನ್ನ, ಅದರ ಜೊತೆಗೆ ಕುಸಿತವನ್ನು ಸರಿಪಡಿಸಲು ಯಕೃತ್ತು ಬಿಡುಗಡೆ ಮಾಡುವ ಸಕ್ಕರೆ, ಇವೆರಡೂ ಸೇರಿ ಬೆಳಗಿನ ಅಂಕಿಯನ್ನು ಏರಿಸಬಲ್ಲವು. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನಷ್ಟೇ ಹೇಳುವುದರಿಂದ ರಾತ್ರಿಯ ಕುಸಿತ ಅದರಲ್ಲಿ ಕಾಣುವುದಿಲ್ಲ. ನಿಮ್ಮ ವೈದ್ಯರ ಮುಂದಿದ್ದದ್ದು 8.9 ಎಂಬ ಅಂಕಿ ಮಾತ್ರ. ಅವರು ಮಾತ್ರೆ ಹೆಚ್ಚಿಸಿದರು. ಮಾತ್ರೆ ಹೆಚ್ಚಾದಂತೆ ಕುಸಿತ ಹೆಚ್ಚುತ್ತದೆ, ಕುಸಿತ ಹೆಚ್ಚಾದಂತೆ ರಾತ್ರಿಯ ಹಸಿವು ಹೆಚ್ಚುತ್ತದೆ. ನಾಚಿಕೆಯಿಂದ ಮುಚ್ಚಿಟ್ಟ ಒಂದು ವಿಷಯ ಚಿಕಿತ್ಸೆಯನ್ನೇ ದಾರಿ ತಪ್ಪಿಸಿರುವ ಸಾಧ್ಯತೆ ಇದೆ. ಇಂಥ ಕಥೆಯನ್ನು, ಅದರಲ್ಲೂ ಒಂಟಿಯಾಗಿರುವ ಹೆಣ್ಣುಮಕ್ಕಳ ಬಾಯಲ್ಲಿ, ನಾನು ಅನೇಕ ಬಾರಿ ಕೇಳಿದ್ದೇನೆ.

ಆದ್ದರಿಂದ ಗ್ಲುಕೋಮೀಟರನ್ನು ದಿಂಬಿನ ಬಳಿ ಇಟ್ಟುಕೊಂಡು, ಮುಂದಿನ ಸಲ ಹಾಗೆ ಎಚ್ಚರವಾದಾಗ ತಿನ್ನುವ ಮೊದಲು ಬೆರಳು ಚುಚ್ಚಿ ನೋಡಿ. ಅಂಕಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ, ಏರಿದ ಮೇಲೆ ಒಂದು ಸಣ್ಣ ಲೋಟ ಹಾಲು ಕುಡಿದು ಮಲಗಿ. ನಿಮ್ಮ ಮಾತ್ರೆಯ ಹಾಳೆಯ ಮೇಲೆ ವೋಗ್ಲಿಬೋಸ್ ಎಂಬ ಹೆಸರೂ ಇದ್ದರೆ, ಆ ಔಷಧಿ ಸಕ್ಕರೆ ಜೀರ್ಣವಾಗುವುದನ್ನು ನಿಧಾನಿಸುವುದರಿಂದ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಮೊದಲು ಕುಡಿಯಿರಿ. ಮಾತು ತೊದಲಿದರೆ ಅಥವಾ ಮಂಪರು ಕವಿದರೆ 108ಕ್ಕೆ ಕರೆ ಮಾಡಬೇಕೆಂದು, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದೆಂದು ನೆರೆಮನೆಯವರಿಗೆ ಈಗಲೇ ಹೇಳಿಡಿ.

ಬೆರಳಿನ ಪರೀಕ್ಷೆಯಲ್ಲಿ ಏನೇ ಬರಲಿ, ಈ ವಾರದಲ್ಲೇ ವೈದ್ಯರನ್ನು ಕಂಡು, ರಾತ್ರಿ ಏನಾಗುತ್ತದೆ, ಏನು ತಿನ್ನುತ್ತೀರಿ, ಯಾವ ಊಟ ಬಿಡುತ್ತೀರಿ ಎಂಬುದನ್ನು ಇಲ್ಲಿ ಬರೆದಷ್ಟೇ ಬಿಡಿಸಿ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ಊಟವಿಲ್ಲದ ರಾತ್ರಿ ಏನು ಮಾಡಬೇಕೆಂದು ಅವರನ್ನು ಕೇಳಿಕೊಂಡೇ ಬನ್ನಿ. ಹೊರಡುವುದು ಒಂದೆರಡು ದಿನ ತಡವಾಗುವಂತಿದ್ದರೆ ಫೋನಿನಲ್ಲಾದರೂ ಕೇಳಿ.

ಇನ್ನು ಊಟದ ಮಾತು. ರಾಗಿ ಸಕ್ಕರೆ ಕಾಯಿಲೆಗೆ ಔಷಧಿ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ, ಅಷ್ಟೇ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟಾದಿಗಳಿರುವುದರಿಂದ ವ್ಯತ್ಯಾಸ ಜನ ತಿಳಿದಷ್ಟು ದೊಡ್ಡದಲ್ಲ. ರಾಗಿಯಲ್ಲಿ ನಾರಿನಂಶ ಹೆಚ್ಚು, ಸುಣ್ಣದಂಶ ಧಾರಾಳ. ಹಾಗೆಂದು ದೊಡ್ಡ ಮುದ್ದೆಯನ್ನು ತೆಳುಸಾರಿನಲ್ಲಿ ಅದ್ದಿ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಮುಷ್ಟಿಯಷ್ಟು ಮುದ್ದೆಗೆ ಸೊಪ್ಪು ಮತ್ತು ಕಾಳು ಹೆಚ್ಚಾಗಿರುವ ಬಸ್ಸಾರು, ಪಕ್ಕದಲ್ಲಿ ಅದೇ ಬಸಿದ ಸೊಪ್ಪು ಕಾಳಿನ ಪಲ್ಯ ಇದ್ದು, ಪಲ್ಯವನ್ನು ಮೊದಲು ತಿಂದರೆ ಏರಿಕೆ ನಿಧಾನವಾಗುತ್ತದೆ, ಹಸಿವೂ ಬೇಗ ಮರಳುವುದಿಲ್ಲ. ನಿಮ್ಮ ಊರಿನ ಬಸ್ಸಾರಿಗಿಂತ ಒಳ್ಳೆಯದನ್ನು ನಾನು ಬರೆದುಕೊಡಲಾರೆ. ಬೆಳಿಗ್ಗೆ ಮಾತ್ರೆಯ ಜೊತೆ ತಿಂಡಿ ಇರಲೇಬೇಕು. ನೆನೆಸಿದ ಹೆಸರುಕಾಳನ್ನು ರುಬ್ಬಿ ಎರಡು ದೋಸೆ ಹಾಕಿಕೊಂಡರೂ ಸಾಕು. ಸಂಜೆ ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಕಾಯಿ ತಿನ್ನಿ. ರಾತ್ರಿ ಊಟವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಆದರೆ ಒಲೆ ಹಚ್ಚಲು ಮನಸ್ಸು ಬಾರದವರಿಗೆ ಬಸ್ಸಾರಿನ ಮಾತು ಹೇಳಿ ಮುಗಿಸುವುದು ಸುಲಭವೆಂದು ನನಗೆ ಗೊತ್ತು. ಇಷ್ಟು ವರ್ಷ ಇಬ್ಬರಿಗೆ ಅಳತೆ ಹಾಕಿದ ಕೈ ಒಬ್ಬರಿಗೆ ಹಿಟ್ಟು ಅಳೆಯುವಾಗ ತಡವರಿಸುತ್ತದೆ. ನಿಮ್ಮ ಒಪ್ಪೊತ್ತು ಪಥ್ಯದ ಹೆಸರಿನಲ್ಲಿದ್ದರೂ ಅದರೊಳಗೆ ದುಃಖವಿದೆ. ವಾರದಲ್ಲಿ ಎರಡು ದಿನವಾದರೂ ಓರಗಿತ್ತಿಯೋ ನೆರೆಯವರೋ, ಯಾರ ಜೊತೆಗಾದರೂ ಕುಳಿತು ಉಣ್ಣುವ ಏರ್ಪಾಡು ಮಾಡಿಕೊಳ್ಳಿ. ನೀವು ಸಾರು ಮಾಡಿ, ಅವರು ಮುದ್ದೆ ತಿರುವಲಿ. ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವು ಎರಡು ವಾರ ಮೀರಿ ಉಳಿದಿದ್ದರೆ ಅದು ಖಿನ್ನತೆಯಾಗಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಇತರರಿಗಿಂತ ಹೆಚ್ಚು, ಮತ್ತು ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಗನಿಗೆ ಈ ಪತ್ರವನ್ನೇ ಓದಿಸಿ. ಅವರ ಪ್ರಶ್ನೆಯ ಹಿಂದೆ ಇರುವುದು ಭಯ, ಆದರೆ ನಿಮಗೆ ಕೇಳಿಸುತ್ತಿರುವುದು ಗದರಿಕೆ. ಫೋನ್ ಮಾಡಿದಾಗ ಮೊದಲು ಏನು ಅಡುಗೆ ಮಾಡಿದಿರಿ ಎಂದು ಕೇಳಲಿ, ಶುಗರ್ ವಿಷಯ ಆಮೇಲೆ ಬರಲಿ. ವೈದ್ಯರ ಬಳಿಗೆ ಹೋಗುವ ದಿನ ಅವರೂ ಬಂದರೆ ಇನ್ನೂ ಒಳ್ಳೆಯದು.

ಹೋಳಿಗೆಯನ್ನು ಬಿಡಬೇಕಾಗಿಲ್ಲ. ರಾತ್ರಿಯ ಕುಸಿತ ಹತೋಟಿಗೆ ಬಂದ ಮೇಲೆ, ಹಬ್ಬದ ದಿನ ಮಧ್ಯಾಹ್ನ, ಕೋಸಂಬರಿ ಪಲ್ಯ ತಿಂದಾದ ನಂತರ, ಮುದ್ದೆ ಅನ್ನಗಳಲ್ಲಿ ಅಷ್ಟನ್ನು ಕಡಿಮೆ ಮಾಡಿ ಅರ್ಧ ಹೋಳಿಗೆಯನ್ನು ಎಲೆಗೆ ಬಡಿಸಿಕೊಂಡು, ಎಲ್ಲರ ಎದುರಿಗೇ ತುಪ್ಪ ಹಾಕಿಕೊಂಡು ನಿಧಾನವಾಗಿ ತಿನ್ನಿ. ಆಮೇಲೆ ತೋಟದವರೆಗೆ ಒಂದು ಸುತ್ತು ನಡೆದು ಬನ್ನಿ.